ಕ್ಯಾಮೆರಾ ಮುಂದೆ ತಜ್ಞರು ಹೇಗೆ ಮಾತನಾಡಬೇಕು? ಮಾಧ್ಯಮ ಸಂದರ್ಶನದ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಸಾರಾಂಶ

ವೈದ್ಯರು, ವಿಜ್ಞಾನಿಗಳು, ಕೃಷಿ ಅಧಿಕಾರಿಗಳು, ಶಿಕ್ಷಕರು ಹೀಗೆ ಯಾರನ್ನು ಬೇಕಾದರೂ ಮಾಧ್ಯಮದವರು ಒಂದು ದಿನ ಮಾತನಾಡಿಸಬಹುದು. ವಿಷಯ ಚೆನ್ನಾಗಿ ಗೊತ್ತಿದ್ದರೆ ಸಂದರ್ಶನವೂ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. ನೋಡುಗರು ನೆನಪಿಟ್ಟುಕೊಳ್ಳುವುದು ಒಂದೋ ಎರಡೋ ವಾಕ್ಯ, ಮತ್ತು ಆ ವಾಕ್ಯವನ್ನು ನಂಬಿ ಅವರು ಅಂದೇ ಏನಾದರೂ ಮಾಡಬಹುದು. ಹಾಗಾಗಿ ಆ ವಾಕ್ಯ ಯಾವುದು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು, ಬೇರೆಯವರು ಬಾಯಿಗೆ ತುರುಕುವ ಮಾತಿಗೆ ತಲೆಯಾಡಿಸದಿರುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಜನ ಏನು ಮಾಡಬೇಕು ಎಂದು ಹೇಳುವುದು, ಇವೇ ಸಂದರ್ಶನದ ಮುಖ್ಯ ಪಾಠಗಳು. ಇವು ಯಾಕೆ ಮುಖ್ಯ, ಇವನ್ನು ಕಲಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಒಂದು ಸಂದರ್ಶನ ಎಷ್ಟು ದುಬಾರಿಯಾಗಬಹುದು?

ಇಟಲಿಯ ಮಧ್ಯಭಾಗದಲ್ಲಿ ಲಾಕ್ವಿಲಾ ಎಂಬ ಬೆಟ್ಟದೂರು ಇದೆ. 2009ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಮೇಲಿಂದ ಮೇಲೆ ಸಣ್ಣ ಸಣ್ಣ ಭೂಕಂಪಗಳಾಗುತ್ತಿದ್ದವು. ಅದೇ ಸಮಯದಲ್ಲಿ ಒಬ್ಬ ತಂತ್ರಜ್ಞರು, ನೆಲದಿಂದ ಹೊರಬರುವ ರೇಡಾನ್ ಅನಿಲವನ್ನು ಅಳೆದು ದೊಡ್ಡ ಭೂಕಂಪದ ಮುನ್ಸೂಚನೆ ಕೊಡಬಲ್ಲೆ ಎನ್ನುತ್ತಿದ್ದರು. ಜನ ಗಾಬರಿಯಾಗಿದ್ದರು. ಮಾರ್ಚ್ 30ರಂದು ಅಲ್ಲಿಯವರೆಗಿನ ಕಂಪನಗಳಿಗಿಂತ ಜೋರಾದ ಒಂದು ಕಂಪನವೂ ಆಯಿತು.

ಮಾರ್ಚ್ 31ರಂದು ದೇಶದ ಪ್ರಮುಖ ಭೂಕಂಪ ತಜ್ಞರು ಲಾಕ್ವಿಲಾದಲ್ಲಿ ಸಭೆ ಸೇರಿದರು. ದೊಡ್ಡ ಭೂಕಂಪ ಸದ್ಯದಲ್ಲೇ ಆಗುವ ಸಾಧ್ಯತೆ ಕಡಿಮೆ, ಆದರೆ ಆಗುವುದೇ ಇಲ್ಲ ಎಂದು ಹೇಳಲಾಗದು ಎಂಬ ಅಭಿಪ್ರಾಯ ಸಭೆಯ ನಡಾವಳಿಯಲ್ಲಿ ದಾಖಲಾಗಿದೆ. ಆದರೆ ಜನರಿಗೆ ತಲುಪಿದ್ದು ಈ ಮಾತಲ್ಲ. ನಾಗರಿಕ ರಕ್ಷಣಾ ಇಲಾಖೆಯ ಉಪ ಮುಖ್ಯಸ್ಥರಾಗಿದ್ದ ಬೆರ್ನಾರ್ಡೊ ಡಿ ಬೆರ್ನಾರ್ಡಿನಿಸ್ ಸಭೆಗೂ ಮೊದಲೇ ಟಿವಿಯವರಿಗೆ ಒಂದು ಸಂದರ್ಶನ ಕೊಟ್ಟಿದ್ದರು. ಸಣ್ಣ ಕಂಪನಗಳಿಂದ ಭೂಮಿಯೊಳಗಿನ ಶಕ್ತಿ ಹೊರಹೋಗುತ್ತಿರುವುದರಿಂದ ಅಪಾಯವಿಲ್ಲ ಎಂದು ವಿಜ್ಞಾನಿಗಳೇ ಹೇಳುತ್ತಿದ್ದಾರೆ ಎಂಬರ್ಥದ ಮಾತನ್ನು ಅವರು ಅಲ್ಲಿ ಆಡಿದರು. ಹಾಗಾದರೆ ನಿಶ್ಚಿಂತೆಯಿಂದ ಒಂದು ಲೋಟ ವೈನ್ ಕುಡಿಯಬಹುದಲ್ಲ ಎಂದು ವರದಿಗಾರ ತಮಾಷೆಯಾಗಿ ಕೇಳಿದ. ಖಂಡಿತ ಎಂದು ಅವರು ಆ ಭಾಗದ ಹೆಸರಾಂತ ವೈನ್ ಒಂದರ ಹೆಸರನ್ನೂ ಹೇಳಿದರು.

ಏಪ್ರಿಲ್ 6ರ ಬೆಳಗಿನ ಜಾವ 3 ಗಂಟೆ 32 ನಿಮಿಷಕ್ಕೆ 6.3 ತೀವ್ರತೆಯ ಭೂಕಂಪವಾಯಿತು. 309 ಜನ ಸತ್ತರು. ಆ ಭಾಗದಲ್ಲಿ ಹಿಂದಿನಿಂದ ಬಂದ ಒಂದು ರೂಢಿ ಇತ್ತು: ರಾತ್ರಿ ನೆಲ ನಡುಗಿದರೆ ಮನೆಯಿಂದ ಹೊರಬಂದು ಬಯಲಲ್ಲಿ ಕಾಲ ಕಳೆಯುವುದು. ಆ ರಾತ್ರಿಯೂ ದೊಡ್ಡ ಭೂಕಂಪಕ್ಕೆ ಕೆಲವು ಗಂಟೆ ಮೊದಲು ಸಣ್ಣ ಕಂಪನಗಳಾಗಿದ್ದವು. ಅಧಿಕಾರಿಗಳು ಅಪಾಯವಿಲ್ಲ ಎಂದಿದ್ದನ್ನು ನಂಬಿ ತಮ್ಮ ಮನೆಯವರು ಒಳಗೇ ಉಳಿದರು ಎಂದು ಸತ್ತವರ ಕುಟುಂಬದವರು ನ್ಯಾಯಾಲಯದಲ್ಲಿ ಹೇಳಿದರು.

ಈ ಪ್ರಕರಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ: "ಭೂಕಂಪದ ಮುನ್ಸೂಚನೆ ಕೊಡಲಿಲ್ಲ ಎಂದು ವಿಜ್ಞಾನಿಗಳನ್ನು ಇಟಲಿ ಜೈಲಿಗೆ ಹಾಕಿತು." ಇದು ಸರಿಯಲ್ಲ. ಭೂಕಂಪ ಇಂಥ ದಿನ ಇಂಥ ಹೊತ್ತಿಗೆ ಆಗುತ್ತದೆ ಎಂದು ಹೇಳಲು ಯಾರಿಂದಲೂ ಸಾಧ್ಯವಿಲ್ಲ ಎಂಬುದನ್ನು ಅಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆರೋಪ ಇದ್ದದ್ದು ಅಪಾಯವನ್ನು ಸರಿಯಾಗಿ ಅಂದಾಜು ಮಾಡಲಿಲ್ಲ, ಜನರಿಗೆ ಸುಳ್ಳು ಸಮಾಧಾನ ಹೇಳಿದರು ಎಂಬುದರ ಮೇಲೆ. 2012ರಲ್ಲಿ ಏಳು ಜನರಿಗೂ ತಲಾ ಆರು ವರ್ಷ ಶಿಕ್ಷೆ ವಿಧಿಸಲಾಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆರು ತಜ್ಞರನ್ನು ಖುಲಾಸೆ ಮಾಡಿತು. ಡಿ ಬೆರ್ನಾರ್ಡಿನಿಸ್ ಅವರನ್ನು ಮಾತ್ರ ಕೆಲವು ಸಾವುಗಳಿಗೆ ಸಂಬಂಧಿಸಿದಂತೆ ತಪ್ಪಿತಸ್ಥರೆಂದು ಉಳಿಸಿಕೊಂಡು, ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿ ಅಮಾನತಿನಲ್ಲಿಟ್ಟಿತು. 2015ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಹೀಗೆ ಕೊನೆಗೆ ಉಳಿದದ್ದು ಕ್ಯಾಮೆರಾ ಮುಂದೆ ಮಾತನಾಡಿದ ಅಧಿಕಾರಿಯ ಮೇಲಿನ ತೀರ್ಪು ಮಾತ್ರ.

ಆ ಸಂದರ್ಶನದಲ್ಲಿ ತಪ್ಪಾಗಿದ್ದು ಏನು?

ಮೊದಲನೆಯದು, ವಿಜ್ಞಾನವೇ ತಪ್ಪಾಗಿತ್ತು. ಭೂಕಂಪದ ಅಳತೆಯಲ್ಲಿ ಒಂದಂಕಿ ಹೆಚ್ಚಾದರೆ ಹೊರಬರುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಅಂದರೆ 4ರ ತೀವ್ರತೆಯ ಸುಮಾರು ಸಾವಿರ ಕಂಪನಗಳು ಸೇರಿದರೆ 6ರ ತೀವ್ರತೆಯ ಒಂದು ಕಂಪನಕ್ಕೆ ಸಮ. ಕೆಲವು ಸಣ್ಣ ನಡುಕಗಳಿಂದ ದೊಡ್ಡದು ತಪ್ಪುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಮಾತನಾಡಿದವರು ಭೂಕಂಪ ವಿಜ್ಞಾನಿಯೂ ಆಗಿರಲಿಲ್ಲ. ಅವರ ಪರಿಣತಿ ಜಲ ಎಂಜಿನಿಯರಿಂಗ್‌ನಲ್ಲಿತ್ತು.

ಎರಡನೆಯದು, "ಸಾಧ್ಯತೆ ಕಡಿಮೆ" ಎಂಬುದು "ಅಪಾಯವಿಲ್ಲ" ಎಂದಾಯಿತು. ತಜ್ಞರಿಗೆ ಇವೆರಡರ ನಡುವಿನ ವ್ಯತ್ಯಾಸ ಗೊತ್ತು. ಆದರೆ ಮನೆಯಲ್ಲಿ ಮಕ್ಕಳನ್ನು ಮಲಗಿಸಿ ಟಿವಿ ನೋಡುತ್ತಿರುವವರಿಗೆ ಬೇಕಾಗಿರುವುದು ಇವತ್ತು ರಾತ್ರಿ ಒಳಗೆ ಮಲಗಬೇಕೋ ಹೊರಗೋ ಎಂಬ ಉತ್ತರ.

ಮೂರನೆಯದು ವೈನ್. ಆ ಮಾತು ವರದಿಗಾರನದು. ಅಧಿಕಾರಿ ಮಾಡಿದ್ದು ನಗುತ್ತಾ ಒಪ್ಪಿಕೊಂಡದ್ದಷ್ಟೇ. ಆದರೂ ಇಡೀ ಜಗತ್ತು ಇವತ್ತಿಗೂ ನೆನಪಿಟ್ಟುಕೊಂಡಿರುವುದು ಅದನ್ನೇ. ಬೇರೆಯವರ ಮಾತಿಗೆ ನೀವು "ಹೌದು" ಎಂದರೆ ಅದು ನಿಮ್ಮದೇ ಮಾತಾಗುತ್ತದೆ.

ಸಂದರ್ಶನಕ್ಕೆ ಒಪ್ಪುವ ಮುನ್ನ ಏನು ಕೇಳಬೇಕು?

ವರದಿಗಾರರು ಫೋನ್ ಮಾಡಿದ ತಕ್ಷಣ ಉತ್ತರ ಹೇಳಲು ಶುರು ಮಾಡಬೇಕಿಲ್ಲ. "ಹದಿನೈದು ನಿಮಿಷ ಬಿಟ್ಟು ನಾನೇ ಕರೆ ಮಾಡುತ್ತೇನೆ" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾವೂ ಲೇಖನಗಳಿಗಾಗಿ ತಜ್ಞರಿಗೆ ಕರೆ ಮಾಡುವವರೇ. ಸಮಯ ಕೇಳಿದವರ ಉತ್ತರಗಳೇ ಹೆಚ್ಚು ಸ್ಪಷ್ಟವಾಗಿರುವುದನ್ನು ನಾವು ಮತ್ತೆ ಮತ್ತೆ ನೋಡಿದ್ದೇವೆ. ಫೋನ್ ಇಡುವ ಮೊದಲು ಇಷ್ಟನ್ನು ಕೇಳಿಕೊಳ್ಳಿ:

1. ಯಾವ ಪತ್ರಿಕೆ, ವಾಹಿನಿ ಅಥವಾ ಯೂಟ್ಯೂಬ್ ಚಾನೆಲ್? ಸುದ್ದಿ ಯಾವುದರ ಬಗ್ಗೆ?
2. ನೇರ ಪ್ರಸಾರವೋ, ರೆಕಾರ್ಡಿಂಗೋ? ನೇರ ಪ್ರಸಾರದಲ್ಲಿ ಆಡಿದ ಮಾತು ವಾಪಸ್ ಬರುವುದಿಲ್ಲ, ಆದರೆ ಅದನ್ನು ಯಾರೂ ಕತ್ತರಿಸುವುದೂ ಇಲ್ಲ. ರೆಕಾರ್ಡಿಂಗ್‌ನಲ್ಲಿ ತಪ್ಪಿದರೆ ಮತ್ತೊಮ್ಮೆ ಹೇಳಬಹುದು, ಆದರೆ ಯಾವ ತುಣುಕು ಬಳಸಬೇಕು ಎಂಬುದು ಅವರ ಕೈಯಲ್ಲಿರುತ್ತದೆ.
3. ಬರೀ ಬೈಟ್ ಬೇಕೋ, ಪೂರ್ತಿ ಸಂದರ್ಶನವೋ, ಚರ್ಚೆಯೋ? ಬೈಟ್ ಆದರೆ ನೀವು ಹತ್ತು ನಿಮಿಷ ಮಾತನಾಡಿದರೂ ಸುದ್ದಿಯಲ್ಲಿ ಬರುವುದು ಕೆಲವು ಸೆಕೆಂಡು ಮಾತ್ರ.
4. ನನ್ನ ಜೊತೆ ಬೇರೆ ಯಾರು ಇರುತ್ತಾರೆ?
5. ಇದು ನಿಜವಾಗಿ ನನ್ನ ವಿಷಯವೇ? ಅಲ್ಲದಿದ್ದರೆ ಬಲ್ಲವರ ಹೆಸರು ಸೂಚಿಸಿ. ಹೃದ್ರೋಗ ತಜ್ಞರು ಲಸಿಕೆಯ ಬಗ್ಗೆ, ಭೌತವಿಜ್ಞಾನಿ ಆಹಾರದ ಬಗ್ಗೆ ಮಾತನಾಡಿ ಎಡವಿದ ಉದಾಹರಣೆಗಳಿಗೆ ಕೊರತೆಯಿಲ್ಲ.

ಸರ್ಕಾರಿ ನೌಕರರಾಗಿದ್ದರೆ ನಡತೆ ನಿಯಮಗಳ ಮಿತಿ ಇರುತ್ತದೆ. ಇಲಾಖೆಯ ಪರವಾಗಿ ಮಾತನಾಡುವ ಅಧಿಕಾರ ಯಾರಿಗಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ವೈದ್ಯರು ರೋಗಿಯ ಹೆಸರು, ಊರು, ಗುರುತು ಸಿಗುವಂಥ ಯಾವ ವಿವರವನ್ನೂ ಹೇಳಬಾರದು. ಸಣ್ಣ ಊರಿನಲ್ಲಿ "ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವರು" ಎಂದರೂ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಇನ್ನು "ಆಫ್ ದಿ ರೆಕಾರ್ಡ್" ಎಂಬುದನ್ನು ಮಾತು ಮುಗಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಪ್ರಕಟವಾಗಬಾರದ್ದನ್ನು ಹೇಳದಿರುವುದೇ ಸುರಕ್ಷಿತ. ಮೈಕ್ ತೆಗೆಯುವವರೆಗೂ ರೆಕಾರ್ಡ್ ಆಗುತ್ತಿದೆ ಎಂದೇ ತಿಳಿಯಿರಿ.

ತಯಾರಿ ಮಾಡಿಕೊಳ್ಳುವುದು ಹೇಗೆ?

ಒಂದು ಚೀಟಿ ತೆಗೆದುಕೊಂಡು ಮೂರೇ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ. ಏನಾಗಿದೆ? ಅದರಿಂದ ಯಾರಿಗೆ ತೊಂದರೆ? ಜನ ಏನು ಮಾಡಬೇಕು? ಬರೆದದ್ದನ್ನು ಮನೆಯಲ್ಲಿ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಅವರು "ಹಾಗಂದ್ರೆ?" ಎಂದು ಕೇಳಿದ ಕಡೆಯೆಲ್ಲ ಪದ ಬದಲಿಸಿ. ನಂತರ ನಿಮಗೆ ಇಷ್ಟವಿಲ್ಲದ ಎರಡು ಪ್ರಶ್ನೆಗಳನ್ನು ಅವರಿಂದಲೇ ಕೇಳಿಸಿ, ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ.

ಮಲೆನಾಡಿನ ಒಂದು ಉದಾಹರಣೆ ನೋಡೋಣ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ (ಕೆಎಫ್‌ಡಿ) ಎಂದು ಹೆಸರು. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಹೆಸರಿನಿಂದಾಗಿಯೇ ಮಂಗ ಈ ರೋಗವನ್ನು ನೇರವಾಗಿ ಹರಡುತ್ತದೆ ಎಂಬ ನಂಬಿಕೆ ಬೆಳೆದಿದೆ. ವಾಸ್ತವದಲ್ಲಿ ರೋಗ ಮನುಷ್ಯರಿಗೆ ಮುಖ್ಯವಾಗಿ ಬರುವುದು ವೈರಸ್ ಇರುವ ಉಣ್ಣೆ (ಉಣುಗು) ಕಚ್ಚುವುದರಿಂದ. ಮಂಗಗಳೂ ಇದಕ್ಕೆ ಬಲಿಯಾಗುತ್ತವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಸುತ್ತಲ ನೆಲಕ್ಕೆ ಇಳಿಯುವುದರಿಂದ ಆ ಜಾಗ ಅಪಾಯಕಾರಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಈಗ ಒಂದು ಕಲ್ಪಿತ ಸಂದರ್ಭ. ತಾಲ್ಲೂಕಿನಲ್ಲಿ ಒಂದು ಪ್ರಕರಣ ಪತ್ತೆಯಾಗಿದೆ, ಆಸ್ಪತ್ರೆಯ ಮುಂದೆ ವರದಿಗಾರರು ಮೈಕ್ ಹಿಡಿದಿದ್ದಾರೆ.

"ಡಾಕ್ಟ್ರೇ, ಮಂಗನ ಕಾಯಿಲೆ ಮತ್ತೆ ಬಂದಿದೆಯಂತೆ. ಜನ ಭಯಪಡಬೇಕಾ?"

ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: "ಇದೊಂದು ಫ್ಲೇವಿವೈರಸ್‌ನಿಂದ ಬರುವ, ಉಣ್ಣೆ ವಾಹಕವಾಗಿರುವ ಪ್ರಾಣಿಜನ್ಯ ರೋಗ. ನಮ್ಮ ಇಲಾಖೆ ಎಲ್ಲ ರೀತಿಯ ಮುಂಜಾಗ್ರತಾ ಕ್ರಮ ಕೈಗೊಂಡಿದೆ. ಜನರು ಆತಂಕಪಡುವ ಅಗತ್ಯವಿಲ್ಲ."

ಇದರಲ್ಲಿ ಸುಳ್ಳು ಇಲ್ಲ. ಆದರೆ ನಾಳೆ ಬೆಳಿಗ್ಗೆ ತರಗೆಲೆ ತರಲು ಕಾಡಿಗೆ ಹೋಗುವ ಹೆಣ್ಣುಮಗಳಿಗೆ ಇದರಿಂದ ಸಿಕ್ಕಿದ್ದು ಒಂದೇ ಸಂದೇಶ: ಆತಂಕ ಬೇಡ. ಲಾಕ್ವಿಲಾದಲ್ಲಿ ಸಿಕ್ಕ ಸಂದೇಶವೂ ಇದೇ. ಇನ್ನೊಂದು ಉತ್ತರ ನೋಡಿ:

"ಎಚ್ಚರಿಕೆ ಬೇಕು. ಈ ಕಾಯಿಲೆ ಬರುವುದು ಕಾಡಿನ ಉಣ್ಣೆ ಕಚ್ಚುವುದರಿಂದ. ಡಿಸೆಂಬರ್‌ನಿಂದ ಮೇ ತನಕ ಅಪಾಯ ಜಾಸ್ತಿ. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಬನ್ನಿ."

ಇಲ್ಲಿ ಎಲ್ಲಿ ಕತ್ತರಿಸಿದರೂ ಉಪಯೋಗಕ್ಕೆ ಬರುವ ಒಂದು ಮಾತು ಉಳಿಯುತ್ತದೆ. ಮುಖ್ಯವಾದದ್ದು ಮೊದಲೇ ಬಂದಿದೆ, ವಾಕ್ಯಗಳು ಚಿಕ್ಕವಾಗಿವೆ. ವೈರಸ್ಸಿನ ಕುಟುಂಬದ ಹೆಸರನ್ನು ಯಾರಾದರೂ ಕೇಳಿದರೆ ಆಮೇಲೆ ಹೇಳಬಹುದು.

ನಂಬಿಕೆ 1: ಮಾತಿಗೆ ಬರೀ ಶೇ. 7ರಷ್ಟು ಬೆಲೆ, ಉಳಿದದ್ದೆಲ್ಲ ಹಾವಭಾವ

ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ, ಸಂದರ್ಶನ ತರಬೇತಿಗಳಲ್ಲಿ ಈ ಲೆಕ್ಕವನ್ನು ನೀವೂ ಕೇಳಿರಬಹುದು: ಸಂವಹನದಲ್ಲಿ ಪದಗಳ ಪಾಲು ಶೇ. 7, ದನಿಯ ಪಾಲು ಶೇ. 38, ಮುಖಭಾವದ ಪಾಲು ಶೇ. 55. ಇದು ಅರ್ಧ ಸತ್ಯವೂ ಅಲ್ಲ.

ಈ ಅಂಕಿಗಳ ಮೂಲ ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಹೋದ್ಯೋಗಿಗಳು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಒಂದರಲ್ಲಿ ಬಿಡಿಬಿಡಿಯಾದ ಒಂಬತ್ತು ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಲಾಯಿತು. ಇನ್ನೊಂದರಲ್ಲಿ "ಇರಬಹುದು" ಎಂಬರ್ಥದ ಒಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಜೊತೆಗೆ ಮುಖಗಳ ಚಿತ್ರ ತೋರಿಸಲಾಯಿತು. ಮಾತನಾಡಿದವರಿಗೆ ಎದುರಿನವರ ಮೇಲೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸುವುದಷ್ಟೇ ಕೇಳುಗರ ಕೆಲಸವಾಗಿತ್ತು. ಭಾವನೆ, ಇಷ್ಟಾನಿಷ್ಟಗಳ ಬಗ್ಗೆ ಮಾತನಾಡುವಾಗ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ ಎಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ.

ನೀವೇ ಪರೀಕ್ಷಿಸಿ. ಗೊತ್ತಿಲ್ಲದ ಭಾಷೆಯ ಸುದ್ದಿ ವಾಹಿನಿಯನ್ನು ಹತ್ತು ನಿಮಿಷ ನೋಡಿ. ದನಿ ಇದೆ, ಮುಖಭಾವ ಇದೆ. ಶೇ. 93ರಷ್ಟು ಸುದ್ದಿ ತಿಳಿಯಿತೇ? ಹಾವಭಾವ ಮುಖ್ಯವಲ್ಲ ಎಂದು ನಾವು ಹೇಳುತ್ತಿಲ್ಲ. ಸಾವಿನ ಸುದ್ದಿ ಹೇಳುವಾಗ ನಗಬಾರದು, ಕೆಳಗೆ ನೋಡುತ್ತಾ ಗೊಣಗಬಾರದು. ವರದಿಗಾರರು ಎದುರಿಗಿದ್ದರೆ ಅವರನ್ನು ನೋಡಿ. ಸ್ಟುಡಿಯೋದಿಂದ ದೂರವಿದ್ದು ಒಬ್ಬರೇ ಮಾತನಾಡುತ್ತಿದ್ದರೆ ಕ್ಯಾಮೆರಾ ನೋಡಿ. ಇಷ್ಟು ಸಾಕು. ಉಳಿದ ಸಮಯವನ್ನು ಟೈ ಸರಿಮಾಡಿಕೊಳ್ಳುವುದಕ್ಕಿಂತ ವಾಕ್ಯ ಸರಿಮಾಡಿಕೊಳ್ಳುವುದಕ್ಕೆ ಕೊಡಿ.

ನಂಬಿಕೆ 2: "ಗೊತ್ತಿಲ್ಲ" ಎಂದರೆ ಜನ ನಂಬುವುದಿಲ್ಲ

ತಜ್ಞರಾದವರಿಗೆ ಎಲ್ಲ ಗೊತ್ತಿರಬೇಕು ಎಂಬ ಒತ್ತಡ ನಮ್ಮಲ್ಲಿ ಜಾಸ್ತಿ. ಆದರೆ 2020ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ. ಸುದ್ದಿಯಲ್ಲಿ ಒಂದೇ ಅಂಕಿ ಕೊಡುವ ಬದಲು "ಇಷ್ಟರಿಂದ ಇಷ್ಟರ ನಡುವೆ" ಎಂದು ಅನಿಶ್ಚಿತತೆಯನ್ನು ಅಂಕಿಯಲ್ಲೇ ತೋರಿಸಿದಾಗ ಓದುಗರ ನಂಬಿಕೆ ಕಡಿಮೆಯಾದದ್ದು ತೀರಾ ಸ್ವಲ್ಪ.

ಗೊತ್ತಿರುವುದಕ್ಕಿಂತ ಹೆಚ್ಚು ಹೇಳಿದ್ದಕ್ಕೆ ತೆತ್ತ ಬೆಲೆ ದೊಡ್ಡದು. 1998ರ ಫೆಬ್ರವರಿಯಲ್ಲಿ ಲಂಡನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಹಲೇಖಕರು 12 ಮಕ್ಕಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಎಂಎಂಆರ್ ಲಸಿಕೆಗೂ ಮಕ್ಕಳ ಸಮಸ್ಯೆಗೂ ಸಂಬಂಧವಿದೆ ಎಂದು ಸಾಬೀತಾಗಿಲ್ಲ ಎಂದು ಪ್ರಬಂಧದಲ್ಲೇ ಬರೆದಿತ್ತು. ಆದರೆ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್, ಮೂರು ಲಸಿಕೆಗಳನ್ನು ಒಟ್ಟಿಗೆ ಕೊಡುವುದನ್ನು ನಿಲ್ಲಿಸಿ ಬೇರೆ ಬೇರೆಯಾಗಿ ಕೊಡಬೇಕು ಎಂದರು. ಸುದ್ದಿಯಾದದ್ದು ಅದು. ಮುಂದಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಆ ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇ. 80ರ ಆಸುಪಾಸಿಗೆ ಇಳಿಯಿತು, ದಡಾರ ಮರಳಿತು. 2010ರಲ್ಲಿ ಪತ್ರಿಕೆ ಆ ಪ್ರಬಂಧವನ್ನು ಹಿಂಪಡೆಯಿತು, ಅವರ ವೈದ್ಯ ನೋಂದಣಿಯೂ ರದ್ದಾಯಿತು. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂದು ಲಕ್ಷಾಂತರ ಮಕ್ಕಳ ಮೇಲಿನ ಅಧ್ಯಯನಗಳು ತೋರಿಸಿದ ಮೇಲೂ ಆ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಹಾಗೆಂದು "ಗೊತ್ತಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಅದರ ಜೊತೆ ಎರಡು ಮಾತು ಸೇರಿಸಿ: ಈಗ ಏನು ಗೊತ್ತಿದೆ, ಉಳಿದದ್ದು ಯಾವಾಗ ಗೊತ್ತಾಗುತ್ತದೆ. "ಮಾದರಿಯನ್ನು ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಬರುವವರೆಗೆ ನೀರನ್ನು ಕುದಿಸಿ ಕುಡಿಯಿರಿ" ಎಂಬುದು ಪ್ರಾಮಾಣಿಕ ಉತ್ತರ, ಕೇಳಿದವರ ಕೈಗೆ ಒಂದು ಕೆಲಸವನ್ನೂ ಕೊಡುತ್ತದೆ.

ಸುಳ್ಳನ್ನು ಅಲ್ಲಗಳೆಯುವಾಗ ಎಚ್ಚರ

1973ರ ನವೆಂಬರ್ 17ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಪತ್ರಿಕಾ ಸಂಪಾದಕರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ನಾನು ವಂಚಕನಲ್ಲ ಎಂದರು. ಅವರು ಅಂದು ಹೇಳಿದ ಉಳಿದ ಮಾತುಗಳು ಬಹುತೇಕರಿಗೆ ನೆನಪಿಲ್ಲ. ಅವರ ಹೆಸರಿನ ಜೊತೆ "ವಂಚಕ" ಎಂಬ ಪದ ಮಾತ್ರ ಅಂಟಿಕೊಂಡಿತು.

ಒಂದು ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜವಿರಬೇಕು ಅನ್ನಿಸತೊಡಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಸಂದರ್ಶಕರು "ಮಂಗಗಳನ್ನು ಓಡಿಸಿದರೆ ಕಾಯಿಲೆ ಹೋಗುತ್ತದಂತೆ, ಹೌದೇ?" ಎಂದಾಗ, "ಮಂಗಗಳನ್ನು ಓಡಿಸಿದರೆ ಕಾಯಿಲೆ ಹೋಗುವುದಿಲ್ಲ" ಎಂದು ಶುರು ಮಾಡಬೇಡಿ. ಮೊದಲು ನಿಜ ಹೇಳಿ: "ರೋಗ ತರುವುದು ಉಣ್ಣೆ." ನಂತರ ಒಂದೇ ಸಲ ತಪ್ಪನ್ನು ತಿದ್ದಿ, ಅದು ಯಾಕೆ ತಪ್ಪು ಎಂದು ವಿವರಿಸಿ: "ಮಂಗ ಓಡಿಸಿದರೂ ಉಣ್ಣೆ ಕಾಡಿನಲ್ಲೇ ಇರುತ್ತದೆ." ಕೊನೆಗೆ ಮತ್ತೆ ನಿಜಕ್ಕೆ ಬನ್ನಿ: "ಆದ್ದರಿಂದ ಉಣ್ಣೆ ಕಚ್ಚದಂತೆ ನೋಡಿಕೊಳ್ಳಿ." ತಪ್ಪು ಮಾಹಿತಿಯನ್ನು ಎತ್ತಲೇಬಾರದು ಎಂದೇನಿಲ್ಲ. ಎಲ್ಲರ ಬಾಯಲ್ಲೂ ಇರುವ ಸುಳ್ಳನ್ನು ತಿದ್ದಲೇಬೇಕು. ಅದು ಆರಂಭದಲ್ಲೂ ಕೊನೆಯಲ್ಲೂ ಬರದಂತೆ ನೋಡಿಕೊಂಡರಾಯಿತು.

ಪ್ರಶ್ನೆಯೊಳಗೇ ತಪ್ಪು ಅಡಗಿದ್ದರೂ ಇದೇ ದಾರಿ. "ಅಂದರೆ ನಿಮ್ಮ ಆಸ್ಪತ್ರೆಯ ನಿರ್ಲಕ್ಷ್ಯದಿಂದಲೇ ಹೀಗಾಯಿತು ಅನ್ನಬಹುದಾ?" ಎಂದರೆ ಸಿಟ್ಟಾಗದೆ, ತಲೆಯಾಡಿಸದೆ, "ನಾನು ಹೇಳಿದ್ದು ಇಷ್ಟು" ಎಂದು ನಿಮ್ಮ ಮಾತನ್ನು ನಿಮ್ಮ ಪದಗಳಲ್ಲೇ ಮತ್ತೊಮ್ಮೆ ಹೇಳಿ. ಹಾಗೆಂದು ಇದನ್ನು ಕಠಿಣ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ಉಪಾಯ ಮಾಡಿಕೊಳ್ಳಬಾರದು. ತಪ್ಪಾಗಿದ್ದರೆ ಒಪ್ಪಿಕೊಳ್ಳಿ. ಉತ್ತರ ತಪ್ಪಿಸುವುದು ನೋಡುಗರಿಗೆ ಗೊತ್ತಾಗುತ್ತದೆ.

ಅಂಕಿ ಅಂಶ ಹೇಳುವುದು ಹೇಗೆ?

1995ರಲ್ಲಿ ಬ್ರಿಟನ್ನಿನಲ್ಲಿ, ಕೆಲವು ಹೊಸ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂಬ ಎಚ್ಚರಿಕೆ ಸುದ್ದಿಯಾಯಿತು. ದುಪ್ಪಟ್ಟು ಎಂದರೆ ಶೇ. 100 ಹೆಚ್ಚಳ. ಕೇಳಿದ ಎಷ್ಟೋ ಮಹಿಳೆಯರು ಮಾತ್ರೆ ನಿಲ್ಲಿಸಿಬಿಟ್ಟರು. ವಾಸ್ತವದಲ್ಲಿ ಹಳೆಯ ಮಾತ್ರೆಯಲ್ಲಿ 7,000ದಲ್ಲಿ ಒಬ್ಬರಿಗಿದ್ದ ಅಪಾಯ ಹೊಸದರಲ್ಲಿ 7,000ದಲ್ಲಿ ಇಬ್ಬರಿಗಾಗಿತ್ತು. ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಹೆಚ್ಚುವರಿ ಗರ್ಭಪಾತಗಳಾದವು. ಗರ್ಭ ಧರಿಸಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತ ಜಾಸ್ತಿ ಎಂಬುದು ಇಲ್ಲಿನ ವಿಪರ್ಯಾಸ.

ಪಾಠ ಸರಳ. "ದುಪ್ಪಟ್ಟು", "ಶೇ. 50 ಹೆಚ್ಚು" ಎಂದಷ್ಟೇ ಹೇಳಬೇಡಿ. ಎಷ್ಟರಿಂದ ಎಷ್ಟಾಯಿತು ಎಂದು ಹೇಳಿ, ಅದನ್ನೂ ತಲೆ ಲೆಕ್ಕದಲ್ಲಿ ಹೇಳಿ. ಒಂದು ಸಂದರ್ಶನಕ್ಕೆ ಒಂದೋ ಎರಡೋ ಅಂಕಿ ಸಾಕು. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ವರದಿಗಾರರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಫೋನಿನಲ್ಲಿ ಹೇಳಿದ "ಹದಿನೇಳು" ಪತ್ರಿಕೆಯಲ್ಲಿ "ಎಪ್ಪತ್ತು" ಆಗುವುದು ಹೊಸದೇನಲ್ಲ.

ಚರ್ಚೆಗೆ ಕರೆದರೆ ಹೋಗಬೇಕೇ?

ಗ್ರಹಣ ಬಂದಾಗ ಕನ್ನಡ ಸುದ್ದಿ ವಾಹಿನಿಗಳಲ್ಲಿ ಒಂದು ಕಡೆ ಜ್ಯೋತಿಷಿಗಳು, ಇನ್ನೊಂದು ಕಡೆ ವಿಜ್ಞಾನಿ ಕೂರುವುದನ್ನು ನೋಡಿದ್ದೇವೆ. 2019ರ ಡಿಸೆಂಬರ್ 26ರಂದು ದಕ್ಷಿಣ ಕನ್ನಡ, ಕೊಡಗಿನ ಕೆಲವೆಡೆ ಕಂಕಣ ಸೂರ್ಯಗ್ರಹಣ ಕಂಡಾಗಲೂ ಚರ್ಚೆಗಳು ಜೋರಾಗಿದ್ದವು. ಹೀಗೆ ಇಬ್ಬರನ್ನು ಕೂರಿಸಿದಾಗ, ಇದು ಇನ್ನೂ ತೀರ್ಮಾನವಾಗದ ವಿಷಯ, ಎರಡೂ ಕಡೆ ಸಮಾನ ಆಧಾರವಿದೆ ಎಂಬ ಭಾವನೆ ನೋಡುಗರಲ್ಲಿ ಮೂಡುತ್ತದೆ. ಗ್ರಹಣದ ಹೊತ್ತಿನಲ್ಲಿ ಆಹಾರ ವಿಷವಾಗುವುದಿಲ್ಲ ಎಂಬುದರ ಬಗ್ಗೆ ವಿಜ್ಞಾನದಲ್ಲಿ ಅಂಥ ವಿವಾದವೇನೂ ಇಲ್ಲ.

ಹೋಗಬೇಕೋ ಬೇಡವೋ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೂಗಾಟದಲ್ಲಿ ನಿಮ್ಮ ಮಾತು ಕೇಳಿಸುವುದೇ ಇಲ್ಲ ಎನ್ನಿಸಿದರೆ, ಪ್ರತ್ಯೇಕ ಸಂದರ್ಶನ ಕೊಡುತ್ತೇನೆ ಎಂದು ಕೇಳಿ ನೋಡಿ. ನೀವು ಹೋಗದಿದ್ದರೆ ಒಂದು ಕಡೆಯ ಮಾತಷ್ಟೇ ಉಳಿಯುತ್ತದೆ ಎನ್ನಿಸಿದರೆ ಹೋಗಿ. ಆದರೆ ಎದುರಿಗಿರುವವರನ್ನು ಸೋಲಿಸುವುದು ನಿಮ್ಮ ಗುರಿಯಾಗಬಾರದು. ಊಟ ಬಿಟ್ಟು ಕತ್ತಲೆ ಕೋಣೆಯಲ್ಲಿ ಕೂರಬೇಕೇ ಎಂದು ಯೋಚಿಸುತ್ತಿರುವ ಗರ್ಭಿಣಿ, ಮಾತ್ರೆ ನುಂಗಿ ಉಪವಾಸ ಇರಬೇಕೇ ಎನ್ನುತ್ತಿರುವ ಸಕ್ಕರೆ ಕಾಯಿಲೆಯ ಅಜ್ಜ ಮನೆಯಲ್ಲಿ ಕೂತು ನೋಡುತ್ತಿದ್ದಾರೆ. ಅವರೊಂದಿಗೆ ಮಾತನಾಡಿ: "ನೆರಳು ಬೀಳುತ್ತದೆ, ಅಷ್ಟೇ. ಹಸಿವಾದರೆ ಊಟ ಮಾಡಿ, ಔಷಧಿ ಬಿಡಬೇಡಿ. ಸೂರ್ಯನನ್ನು ಮಾತ್ರ ಬರಿಗಣ್ಣಿನಲ್ಲಿ ನೋಡಬೇಡಿ." ಅವರ ನಂಬಿಕೆಯನ್ನು ಗೇಲಿ ಮಾಡಿದರೆ ಅವರು ಚಾನೆಲ್ ಬದಲಿಸುತ್ತಾರೆ.

ಸಂದರ್ಶನ ಮುಗಿದ ಮೇಲೆ

ಪ್ರಕಟವಾದದ್ದನ್ನು ನೋಡಿ. ಸಣ್ಣಪುಟ್ಟ ಪದಗಳ ವ್ಯತ್ಯಾಸಕ್ಕೆ ತಕರಾರು ಬೇಡ. ಜನರ ಆರೋಗ್ಯ, ಸುರಕ್ಷತೆಗೆ ಸಂಬಂಧಿಸಿದ ತಪ್ಪಿದ್ದರೆ ಅಂದೇ ವರದಿಗಾರರಿಗೆ ಕರೆ ಮಾಡಿ, ಸರಿಯಾದ ವಾಕ್ಯವನ್ನು ಬರೆದು ಕಳಿಸಿ. ಬಹಳಷ್ಟು ಸಲ ಅಲ್ಲಿಗೇ ಸರಿಹೋಗುತ್ತದೆ. ಆಗದಿದ್ದರೆ ಸಂಪಾದಕರಿಗೆ ಬರೆಯಿರಿ. ಅದಕ್ಕೂ ಮೀರಿದರೆ ಪತ್ರಿಕೆಗಳ ವಿಷಯದಲ್ಲಿ ಭಾರತೀಯ ಪತ್ರಿಕಾ ಮಂಡಳಿಗೆ, ಸುದ್ದಿ ವಾಹಿನಿಗಳ ವಿಷಯದಲ್ಲಿ ಅವು ಸದಸ್ಯರಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ದೂರು ಕೊಡಬಹುದು. ನೀವೇ ತಪ್ಪು ಹೇಳಿದ್ದು ಆಮೇಲೆ ಗೊತ್ತಾದರೆ ಅದನ್ನೂ ಇಷ್ಟೇ ಬೇಗ ತಿದ್ದಿ. ಲಾಕ್ವಿಲಾದಲ್ಲಿ ಸಂದರ್ಶನಕ್ಕೂ ಭೂಕಂಪಕ್ಕೂ ನಡುವೆ ಐದಾರು ದಿನವಿತ್ತು. "ಅಪಾಯವಿಲ್ಲ ಎಂದಿದ್ದು ಸರಿಯಲ್ಲ, ರಾತ್ರಿ ನಡುಗಿದರೆ ಹೊರಗೆ ಬನ್ನಿ" ಎಂಬ ಒಂದು ತಿದ್ದುಪಡಿಗೆ ಅಷ್ಟು ಸಮಯ ಧಾರಾಳವಾಗಿ ಸಾಕಿತ್ತು.

ಕೊನೆಯ ಮಾತು

ಮಾಧ್ಯಮದವರು ತಿರುಚುತ್ತಾರೆ, ಹಾಗಾಗಿ ಮಾತನಾಡುವುದೇ ಬೇಡ ಎಂದು ಹೇಳುವ ತಜ್ಞರು ನಮಗೆ ಆಗಾಗ ಸಿಗುತ್ತಾರೆ. ಅವರ ಬೇಸರಕ್ಕೆ ಕಾರಣಗಳಿಲ್ಲದಿಲ್ಲ. ಆದರೆ ಬಲ್ಲವರು ಸುಮ್ಮನಾದರೆ ಮೈಕ್ ಖಾಲಿ ಇರುವುದಿಲ್ಲ, ಅದು ಬೇರೆಯವರ ಕೈಗೆ ಹೋಗುತ್ತದೆ. ಮಾತನಾಡಿ. ಒಪ್ಪುವ ಮೊದಲು ವಿಚಾರಿಸಿ, ಚೀಟಿಯಲ್ಲಿ ಮೂರು ವಾಕ್ಯ ಬರೆದುಕೊಳ್ಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಬೇರೆಯವರ ಮಾತಿಗೆ ಹೂಂಗುಟ್ಟಬೇಡಿ. ಎಲ್ಲಕ್ಕಿಂತ ಮೊದಲು, ನಿಮ್ಮ ಮಾತು ಕೇಳಿದ ಮನೆಯವರು ಅವತ್ತು ರಾತ್ರಿ ಏನು ಮಾಡುತ್ತಾರೆ ಎಂದು ಯೋಚಿಸಿ.